ನಾಡಿ ಸಿಗದ ಕೈ

ಕೇಳುಗರಿಗೆ ನಮಸ್ಕಾರ.

ವಯಸ್ಸು ಮೂವತ್ತೂ ದಾಟದ ಹೆಣ್ಣುಮಗಳು. ಬಲಗೈಯಲ್ಲಿ ಬಿ.ಪಿ. 130, ಎಡಗೈಯಲ್ಲಿ 80. ಯಂತ್ರ ಕೆಟ್ಟಿರಬೇಕು ಅಂದುಕೊಂಡು ಎಡ ಮಣಿಕಟ್ಟು ಹಿಡಿದರೆ ನಾಡಿಯೇ ಸಿಗದು. ಟಕಯಾಸು ಕಾಯಿಲೆ ಹೀಗೂ ಕಾಣಿಸಿಕೊಳ್ಳುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿ, ಅದರ ದೊಡ್ಡ ಕವಲುಗಳ ಗೋಡೆಯಲ್ಲಿ ಉರಿಯೂತ ಎದ್ದು, ಗೋಡೆ ದಪ್ಪಗಾಗಿ ರಕ್ತದ ದಾರಿ ಕಿರಿದಾಗುತ್ತದೆ. ಜಪಾನಿನ ಕಣ್ಣಿನ ವೈದ್ಯ ಮಿಕಿಟೋ ಟಕಯಾಸು 1908ರಲ್ಲಿ ಇದರ ಗುರುತನ್ನು ಮೊದಲು ಕಂಡದ್ದು ಕೈಯಲ್ಲಲ್ಲ, ರೋಗಿಯ ಅಕ್ಷಿಪಟಲದಲ್ಲಿ.

ಇಂಥವರ ರಕ್ತದಲ್ಲಿ ಸ್ವಪ್ರತಿಕಾಯಗಳಿವೆಯೇ? ಅಂದರೆ, ದೇಹದ್ದೇ ಅಂಗಾಂಶದ ಮೇಲೆ ತಿರುಗಿಬಿದ್ದ ಆಂಟಿಬಾಡಿಗಳು? ಸಣ್ಣ ನಾಳಗಳ ಕೆಲವು ಉರಿಯೂತಗಳಲ್ಲಿ ‘ಆಂಕಾ’ ಎಂಬ ಪ್ರತಿಕಾಯ ವೈದ್ಯರಿಗೆ ದೊಡ್ಡ ಆಸರೆ. ದೊಡ್ಡ ನಾಳಗಳಿಗೆ ಅಂಥ ನಂಬಿಕಸ್ತ ಪರೀಕ್ಷೆ ಇನ್ನೂ ಇಲ್ಲ. ಹಾಗಾಗಿ ‘ಆಂಕಾ ನೆಗೆಟಿವ್, ನಾಳಗಳಿಗೇನೂ ಆಗಿಲ್ಲ’ ಎಂದು ನಿಟ್ಟುಸಿರು ಬಿಡುವಂತಿಲ್ಲ.

ಹಾಗೆಂದು ಪ್ರತಿಕಾಯಗಳು ಇಲ್ಲವೇ ಇಲ್ಲ ಅಂತಲ್ಲ. ನಾಳದ ಒಳಪದರದ ಕೋಶಗಳಿಗೆ ಅಂಟಿಕೊಳ್ಳುವಂಥವು ಟಕಯಾಸು ರೋಗಿಗಳಲ್ಲಿ ಕಂಡು ಬಹಳ ಕಾಲವಾಯಿತು. ಆದರೆ ಅವು ಆ ಕೋಶದಲ್ಲಿ ಹಿಡಿಯುವುದು ಯಾವುದನ್ನು ಎಂಬುದೇ ಗೊತ್ತಿರಲಿಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಅಂಥ ಎರಡು ಪ್ರೋಟೀನುಗಳನ್ನು ಗುರುತಿಸಿದರು. ಒಂದು ಪ್ರೋಟೀನ್-ಸಿ ಗ್ರಾಹಕ, ಇನ್ನೊಂದು ಎಸ್‌ಆರ್-ಬಿಒನ್. ಸ್ವಾರಸ್ಯ ಇರುವುದು ಇಲ್ಲೇ: ಎರಡರದ್ದೂ ಒಳಪದರ ಕೆರಳದಂತೆ ತಡೆಯುವ ಕೆಲಸ. ಪ್ರತಿಕಾಯ ಬಂದು ಕೂತರೆ ಆ ಕಡಿವಾಣ ಸಡಿಲವಾಗುತ್ತದೆ. ಮೊದಲನೆಯದರ ವಿರುದ್ಧದ ಪ್ರತಿಕಾಯ ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಯಲ್ಲೂ ಸಿಗುತ್ತದೆ. ಎರಡು ಕಾಯಿಲೆಯೂ ಒಬ್ಬರಿಗೇ ಬರುವುದುಂಟು. ಇದನ್ನು ಬರೀ ಕಾಕತಾಳೀಯ ಅನ್ನಲು ನನಗಂತೂ ಮನಸ್ಸಿಲ್ಲ. ಆದರೂ ಕಾಯಿಲೆ ಶುರುಮಾಡುವುದು ಈ ಪ್ರತಿಕಾಯಗಳೋ, ನಾಳ ಹಾಳಾದ ಮೇಲೆ ಇವು ಹುಟ್ಟುತ್ತವೋ ಎಂಬ ಪ್ರಶ್ನೆ ಉಳಿದೇ ಇದೆ. ಅದೂ ಅಲ್ಲದೆ, ನಾಳದ ಗೋಡೆಯೊಳಗೆ ಹೆಚ್ಚಾಗಿ ಕಾಣುವುದು ಟಿ ಕೋಶ, ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು.

ದೊಡ್ಡ ನಾಳಗಳದೇ ಇನ್ನೊಂದು ಉರಿಯೂತ, ಐವತ್ತು ದಾಟಿದವರಿಗೆ ಬರುವ ಜೈಂಟ್ ಸೆಲ್ ಆರ್ಟರೈಟಿಸ್‌ದೂ ಇದೇ ಕಥೆ. ಕಬ್ಬಿಣ ಕೂಡಿಡುವ ಪ್ರೋಟೀನಾದ ಫೆರಿಟಿನ್ ವಿರುದ್ಧದ ಪ್ರತಿಕಾಯ ಕೆಲಕಾಲ ಆಸೆ ಹುಟ್ಟಿಸಿತು, ದಿನನಿತ್ಯದ ಪರೀಕ್ಷೆಯಾಗಿ ನಿಲ್ಲಲಿಲ್ಲ. ಇಲ್ಲಿ ರೋಗಿಯ ಮಾತೇ ಹೆಚ್ಚು ಹೇಳುತ್ತದೆ: ಕಣತಲೆಯಲ್ಲಿ ಹೊಸದಾಗಿ ಶುರುವಾದ ನೋವು, ತಲೆ ಬಾಚಿದರೆ ಚರ್ಮ ನೋಯುವುದು, ಅಗಿಯುತ್ತಾ ಹೋದಂತೆ ದವಡೆ ಸೋಲುವುದು. ಇದರ ಜೊತೆ ದೃಷ್ಟಿ ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಿ. ಅನುಮಾನ ಬಲವಾಗಿದ್ದರೆ ವೈದ್ಯರು ಅಲ್ಟ್ರಾಸೌಂಡಿಗೋ ಬಯಾಪ್ಸಿಗೋ ಕಾಯದೆ ಸ್ಟೀರಾಯ್ಡ್ ಶುರುಮಾಡುತ್ತಾರೆ, ಏಕೆಂದರೆ ಹೋದ ದೃಷ್ಟಿ ಮರಳುವುದು ಅಪರೂಪ.

ನಮಸ್ಕಾರ.