ನೋಟಿಸ್ ಬಂತು ಅಂತ ಬಸ್ ಹತ್ತಬೇಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಪಿಂಚಣಿದಾರರು. ಕೆಲವರಿಗೆ ಜೊತೆಗೆ ಅಡಿಕೆ ತೋಟವೂ ಇದೆ. ಹಾಗಾಗಿ ದೊಡ್ಡ ವ್ಯಾಪಾರಿಗಳ ತೆರಿಗೆ ಮಾತು ಇವತ್ತು ಬೇಡ. ನಮ್ಮಂಥವರಿಗೆ ಆದಾಯ ತೆರಿಗೆ ಇಲಾಖೆಯಿಂದ ಬರುವ ನೋಟಿಸ್ ಮಾತು ಸಾಕು. ಮೊದಲು ನನ್ನದೇ ಪಜೀತಿ ಹೇಳಿಬಿಡುತ್ತೇನೆ.

ನಿವೃತ್ತಿಯ ದುಡ್ಡಿನಲ್ಲಿ ಸ್ವಲ್ಪವನ್ನು ಬ್ಯಾಂಕಿನಲ್ಲಿ 5 ವರ್ಷದ ಠೇವಣಿ ಇಟ್ಟಿದ್ದೆ. ಬಡ್ಡಿಯೆಲ್ಲ ಕೊನೆಗೆ ಅಸಲಿನ ಜೊತೆ ಬರುವಂಥದ್ದು. ಒಂದು ವರ್ಷ 61,300 ರೂಪಾಯಿ ಬಡ್ಡಿ ಸೇರಿತು. ಬ್ಯಾಂಕಿನವರು ಅದರಲ್ಲಿ 6,130 ಟಿಡಿಎಸ್, ಅಂದರೆ ಬಡ್ಡಿ ಕೊಡುವ ಮೊದಲೇ ಹಿಡಿಯುವ ತೆರಿಗೆ, ಮುರಿದುಕೊಂಡರು. ನಾನೇನು ಮಾಡಿದೆ? ಬಡ್ಡಿ ಇನ್ನೂ ಕೈಗೇ ಬಂದಿಲ್ಲ, ತೋರಿಸೋದೇನು ಅಂತ ರಿಟರ್ನ್‌ನಲ್ಲಿ, ಅಂದರೆ ಇಲಾಖೆಗೆ ಕೊಡುವ ವರ್ಷದ ಆದಾಯದ ಲೆಕ್ಕದಲ್ಲಿ, ಅದನ್ನು ಬಿಟ್ಟೆ. ಮುರಿದ ದುಡ್ಡನ್ನು ಮಾತ್ರ ವಾಪಸ್ ಕೇಳಿದೆ. ಪ್ರಸಾದಕ್ಕೆ ಕೈ ಚಾಚಿ, ಪೂಜೆಗೆ ಬಂದೇ ಇಲ್ಲ ಅಂದ ಹಾಗಾಯ್ತು.

ಕೆಲವು ವಾರ ಕಳೆದ ಮೇಲೆ ಇಮೇಲ್ ಬಂತು. ಸೆಕ್ಷನ್ 139(9), ನಿಮ್ಮ ರಿಟರ್ನ್‌ನಲ್ಲಿ ದೋಷ ಇದೆ, 15 ದಿನದಲ್ಲಿ ಸರಿಪಡಿಸಿ ಅಂತ. ಮನೆಯವಳು "ರೈಡ್ ಮಾಡ್ತಾರಾ?" ಅಂದಳು. ರೈಡ್ ಮಾಡಿದರೂ ನಮ್ಮ ಬೀರುವಿನಲ್ಲಿ ಹಳೇ ಸ್ವೆಟರ್ ಬಿಟ್ಟರೆ ಏನಿದೆ! ಆದರೂ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಕೂತು ಪೂರ್ತಿ ಓದಿದೆ. ಟಿಡಿಎಸ್ ಕೇಳಿದ್ದೀರಿ, ಅದು ಯಾವ ಆದಾಯಕ್ಕೆ ಸೇರಿದ್ದೋ ಅದನ್ನು ತೋರಿಸಿಲ್ಲ. ಅಷ್ಟೇ ಇದ್ದದ್ದು. ಬಡ್ಡಿ ಸೇರಿಸಿ, ಬಿದ್ದ ತೆರಿಗೆ ಕಟ್ಟಿ, ಇಲಾಖೆಯ ವೆಬ್‌ಸೈಟ್ ಆದ ಪೋರ್ಟಲ್‌ನಲ್ಲೇ ಉತ್ತರ ಕೊಟ್ಟೆ. ಅರ್ಧ ಗಂಟೆಯ ಕೆಲಸ. ಸುಮ್ನೆ ಕೂತಿದ್ದರೆ ಆ ರಿಟರ್ನ್ ಅಸಿಂಧು ಆಗಿ, ಸಲ್ಲಿಸಿಯೇ ಇಲ್ಲ ಅನ್ನುವ ಲೆಕ್ಕಕ್ಕೆ ಬರುತ್ತಿತ್ತು.

ಈ ಪತ್ರಗಳು ಬರುವುದು ಬೆಂಗಳೂರಿನ ಸಿಪಿಸಿಯಿಂದ, ಅಂದರೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ. ಇಡೀ ದೇಶದ ರಿಟರ್ನ್‌ಗಳನ್ನು ಅಲ್ಲಿ ಕಂಪ್ಯೂಟರ್ ತಾಳೆ ನೋಡುತ್ತದೆ. ನನ್ನ ಸ್ನೇಹಿತರೊಬ್ಬರು ವಿಳಾಸ ನೋಡಿ ರಾತ್ರಿ ಬಸ್ಸಿಗೆ ಸೀಟು ಕಾಯ್ದಿರಿಸಿದ್ದರು, ಸಾಹೇಬರನ್ನು ಕಂಡು ಕೈ ಮುಗಿದು ಬರ್ತೀನಿ ಅಂತ. ಅಲ್ಲಿ ಕಾಣೋಕೆ ಸಾಹೇಬರೇ ಇಲ್ಲ ಅಂತ ಹೇಳಿ ಟಿಕೆಟ್ ರದ್ದು ಮಾಡಿಸಿದೆ. ಅವರಿಗೆ ಬಂದದ್ದು ಸೆಕ್ಷನ್ 143(1)ರ ತಿಳಿವಳಿಕೆ ಪತ್ರ, ರಿಟರ್ನ್ ತಾಳೆ ನೋಡಿದ ಮೇಲೆ ಕಳಿಸುವಂಥದ್ದು. ಅದರಲ್ಲಿ ಅಕ್ಕಪಕ್ಕ ಎರಡು ಕಾಲಂ ಇರುತ್ತವೆ. ಒಂದು ನೀವು ಕೊಟ್ಟ ಲೆಕ್ಕ, ಇನ್ನೊಂದು ಅವರು ಹಾಕಿದ ಲೆಕ್ಕ. ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿ. ಎರಡೂ ಒಂದೇ ಆಗಿದ್ದರೆ ಕೆಲಸ ಮುಗಿಯಿತು. ಸ್ನೇಹಿತರದ್ದು ಎರಡೂ ಒಂದೇ ಇತ್ತು!

ಇನ್ನು ಹನ್ನೆರಡು ಲಕ್ಷದ ಮಾತು. ವರ್ಷದ ಆದಾಯ 12 ಲಕ್ಷದವರೆಗೆ ತೆರಿಗೆಯೇ ಇಲ್ಲ, ರಿಟರ್ನ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. 2025-26ನೇ ಸಾಲಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಪೂರ್ತಿ ವಿನಾಯಿತಿ ಇರುವುದು 4 ಲಕ್ಷಕ್ಕೆ ಮಾತ್ರ. 12 ಲಕ್ಷಕ್ಕೆ ಲೆಕ್ಕದ ಪ್ರಕಾರ 60,000 ತೆರಿಗೆ ಬೀಳುತ್ತದೆ. ಸೆಕ್ಷನ್ 87ಎ ಅಡಿಯಲ್ಲಿ ಅಷ್ಟೂ ಮಾಫಿ. ಮಾಫಿ ಸಿಗಬೇಕಾದರೆ ಲೆಕ್ಕ ಕೊಡಬೇಕು ಅಲ್ವಾ? 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಿ. ಷೇರು ಅಥವಾ ಸೈಟು ಮಾರಿದ ಲಾಭಕ್ಕೆ ಬೇರೆ ದರ. ಅದಕ್ಕೆ ಈ ಮಾಫಿ ಬಹುಮಟ್ಟಿಗೆ ಸಿಗುವುದಿಲ್ಲ.

ತೋಟ ಇರುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಅಡಿಕೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಪಿಂಚಣಿಗೆ ರಿಟರ್ನ್ ಸಲ್ಲಿಸುವಾಗ ಅದನ್ನೂ ತೋರಿಸಬೇಕು. 5,000 ದಾಟಿತೋ, ಐಟಿಆರ್-1 ಅನ್ನುವ ಸುಲಭದ ರಿಟರ್ನ್ ನಮೂನೆ ನಿಮಗೆ ನಡೆಯುವುದಿಲ್ಲ. ಪಿಂಚಣಿಯ ತೆರಿಗೆಗೆ ದರ ಹಾಕುವಾಗಲೂ ತೋಟದ ಆದಾಯ ಲೆಕ್ಕಕ್ಕೆ ಬರಬಹುದು. ಪಹಣಿ, ಮಂಡಿಯ ಬಿಲ್ಲು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಮಗಳ ಮದುವೆಗೆ ಅಂತ ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ನಗದು ಕಟ್ಟಿದರೆ ಬ್ಯಾಂಕಿನವರು ಇಲಾಖೆಗೆ ವರದಿ ಮಾಡಲೇಬೇಕು. ಎಲ್ಲಿಂದ ಬಂತು ಅಂತ ಕೇಳಿದಾಗ ಆ ಬಿಲ್ಲೇ ನಿಮ್ಮ ಪರ ಮಾತಾಡುವುದು. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ.

ರಿಟರ್ನ್ ತುಂಬುವ ಮೊದಲು ಪೋರ್ಟಲ್‌ನಲ್ಲಿ ಎಐಎಸ್, ಅಂದರೆ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ, ತೆರೆದು ನೋಡಿ. ಬ್ಯಾಂಕು, ಷೇರು, ಸೈಟು, ನಿಮ್ಮ ಬಗ್ಗೆ ಯಾರ್ಯಾರು ಏನೇನು ವರದಿ ಕೊಟ್ಟಿದ್ದಾರೋ ಅದರಲ್ಲಿ ಇರುತ್ತದೆ. ತಪ್ಪು ಕಂಡರೆ ಅಲ್ಲೇ ಆಕ್ಷೇಪ ಹಾಕಬಹುದು. ರಿಟರ್ನ್ ಕಳಿಸಿದ ಮೇಲೆ 30 ದಿನದಲ್ಲಿ ಇ-ವೆರಿಫೈ ಮಾಡಲು, ಅಂದರೆ ಅದು ನಿಮ್ಮದೇ ಅಂತ ಆನ್‌ಲೈನ್‌ನಲ್ಲಿ ಖಚಿತಪಡಿಸಲು ಮರೆಯಬೇಡಿ. ಮರೆತರೆ ಪತ್ರ ಬರೆದು ಅಂಚೆಪೆಟ್ಟಿಗೆಗೆ ಹಾಕದೆ ಜೇಬಲ್ಲೇ ಇಟ್ಟುಕೊಂಡ ಹಾಗೆ.

ಕಳ್ಳರ ಕಾಟವೂ ಜಾಸ್ತಿಯಾಗಿದೆ. ರೀಫಂಡ್ ಬಂದಿದೆ, ಈ ಲಿಂಕ್ ಒತ್ತಿ ಅಂತ ಸಂದೇಶ ಬಂದರೆ ಒತ್ತಬೇಡಿ. ಇಲಾಖೆ ಪಿನ್ ಕೇಳುವುದಿಲ್ಲ, ಎಟಿಎಂ ನಂಬರ್ ಕೇಳುವುದಿಲ್ಲ. 2019ರ ಅಕ್ಟೋಬರ್ 1ರಿಂದ ಇಲಾಖೆಯ ನೋಟಿಸ್‌ಗೆ ಡಿಐಎನ್ ಅನ್ನುವ ದಾಖಲೆ ಗುರುತಿನ ಸಂಖ್ಯೆ ಹಾಕುತ್ತಾರೆ. ಅದು ಅಸಲಿಯೋ ನಕಲಿಯೋ ಅಂತ ಲಾಗಿನ್ ಮಾಡದೆಯೂ ಪೋರ್ಟಲ್‌ನಲ್ಲಿ ಪರೀಕ್ಷಿಸಬಹುದು.

ಈಗ ಎಲ್ಲರೂ ಫೋನ್ ತೆಗೆಯಿರಿ. ಪೋರ್ಟಲ್‌ನಲ್ಲಿ ನಿಮ್ಮ ಪ್ರೊಫೈಲ್ ತೆರೆದು, ಮೊಬೈಲ್ ನಂಬರ್, ಇಮೇಲ್ ಯಾರದ್ದಿದೆ ನೋಡಿ. ಕಳೆದ ಸಲ ಹೀಗೆ ನೋಡಿದಾಗ ಒಬ್ಬರ ಖಾತೆಯಲ್ಲಿ ಸೈಬರ್ ಸೆಂಟರ್ ಹುಡುಗನ ನಂಬರ್ ಇತ್ತು. ಆ ಹುಡುಗ ಅಂಗಡಿ ಮುಚ್ಚಿ ಊರು ಬಿಟ್ಟು ಎರಡು ವರ್ಷ ಆಗಿತ್ತು. ಇವರ ನೋಟಿಸ್‌ಗಳೆಲ್ಲ ಅವನ ಫೋನಿಗೇ ಹೋಗುತ್ತಿದ್ದವು. ನಂಬರ್ ಬದಲಿಸಬೇಕಾದವರು ಈ ಕಡೆ ಬನ್ನಿ, ಕೂತು ಮಾಡೋಣ. ಪಾಸ್‌ವರ್ಡ್ ಮಾತ್ರ ನನಗೂ ಹೇಳಬೇಡಿ.