ಗಡಿಯಾಚೆ ನಗು, ಗಡಿಯೀಚೆ ಗುಂಡು

ಕೇಳುಗರಿಗೆ ನಮಸ್ಕಾರ. ಕೊರಿಯಾದ ಧಾರಾವಾಹಿಗಳ ರುಚಿ ಹತ್ತಿದವರನ್ನು ಮಾತಿಗೆಳೆದರೆ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ಹೆಸರು ಬಂದೇ ಬರುತ್ತದೆ. 2019ರ ಡಿಸೆಂಬರ್‌ನಿಂದ 2020ರ ಫೆಬ್ರವರಿವರೆಗೆ ಟಿವಿಎನ್ ಕೇಬಲ್ ವಾಹಿನಿಯಲ್ಲಿ ಶನಿವಾರ, ಭಾನುವಾರಗಳಂದು ಬಂದ 16 ಕಂತುಗಳ ಪ್ರೇಮಹಾಸ್ಯ ಇದು. ಮೊದಲ ಕಂತಿಗೆ ಸಿಕ್ಕಿದ್ದು ಶೇ. 6ರ ರೇಟಿಂಗ್. ಕೊನೆಯ ಕಂತಿಗೆ ಅದು ಶೇ. 21 ದಾಟಿ ಆ ವಾಹಿನಿಯ ದಾಖಲೆಯಾಯಿತು. ಇದನ್ನು ಬರೆದ ಪಾರ್ಕ್ ಜಿ-ಉನ್ ಅವರೇ 2024ರಲ್ಲಿ 'ಕ್ವೀನ್ ಆಫ್ ಟಿಯರ್ಸ್' ಬರೆದು ಆ ದಾಖಲೆಯನ್ನು ಮುರಿದರು.

ಕಥೆಯ ಎಳೆ ಚಿಕ್ಕದು. ದಕ್ಷಿಣ ಕೊರಿಯಾದ ಸಿರಿವಂತ ಮನೆತನದ ಯೂನ್ ಸೆ-ರಿ ಪ್ಯಾರಾಗ್ಲೈಡಿಂಗ್ ಮಾಡುವಾಗ ಸುಂಟರಗಾಳಿಗೆ ಸಿಕ್ಕಿ, ಗಡಿಯಾಚೆ ಉತ್ತರ ಕೊರಿಯಾದ ಮರಕ್ಕೆ ನೇತುಬೀಳುತ್ತಾಳೆ. ಕೆಳಗೆ ಕೋವಿ ಹಿಡಿದು ನಿಂತಿರುವವನು ಸೇನಾಧಿಕಾರಿ ರಿ ಜಂಗ್-ಹ್ಯೋಕ್. ಸನ್ ಯೆ-ಜಿನ್, ಹ್ಯುನ್ ಬಿನ್ ಈ ಜೋಡಿ. ಇಬ್ಬರೂ 2022ರಲ್ಲಿ ನಿಜವಾಗಿಯೂ ಮದುವೆಯಾದರು ಅನ್ನುವುದು ಅಭಿಮಾನಿಗಳಿಗೆ ಬಾಯಿಪಾಠ.

ಸುಂಟರಗಾಳಿ ನಂಬುವಂಥದ್ದಲ್ಲ, ಬಿಡಿ. ಆದರೆ ಅವಳು ಬಿದ್ದ ಹಳ್ಳಿಯನ್ನು ನಂಬದೆ ಇರಲಾಗುವುದಿಲ್ಲ. ಉತ್ತರದಿಂದ ಪಾರಾಗಿ ಬಂದ, ಅಲ್ಲಿ ಸಿನಿಮಾ ಕಲಿತಿದ್ದ ಒಬ್ಬರು ಬರಹಗಾರರ ತಂಡದಲ್ಲಿದ್ದರು. ಅವರ ಕೈಗುಣ ಎಲ್ಲೆಲ್ಲೂ ಕಾಣುತ್ತದೆ: ನಡುರಾತ್ರಿ ಮನೆಮನೆಗೆ ನುಗ್ಗುವ ತಪಾಸಣೆ, ಅಡಗಿಕೊಳ್ಳಲು ಕಿಮ್ಚಿ ಎಂಬ ಹುಳಿಬರಿಸಿದ ತರಕಾರಿ ಇಡುವ ನೆಲಮಾಳಿಗೆ, ಪ್ಲಾಸ್ಟಿಕ್ ಹಾಳೆಯ ಗೂಡಿನೊಳಗೆ ಬಿಸಿನೀರಿನ ಸ್ನಾನ, ಕಪ್ಪೆಚಿಪ್ಪುಗಳ ಮೇಲೆ ಪೆಟ್ರೋಲ್ ಸುರಿದು ಸುಟ್ಟು ತಿನ್ನುವ ಊಟ. ಕರೆಂಟು ಹೋಗಿ ರೈಲು ಬಯಲಲ್ಲೇ ನಿಂತುಬಿಟ್ಟರೆ ಕಂಬಳಿ, ತಿಂಡಿ ಮಾರುವವರು ಓಡಿಬರುತ್ತಾರೆ. ಪ್ರಯಾಣಿಕರು ಬೆಂಕಿ ಹಾಕಿಕೊಂಡು ರಾತ್ರಿ ಕಳೆಯುತ್ತಾರೆ. ಈ ರೈಲಿನ ದೃಶ್ಯಗಳನ್ನು ಮಂಗೋಲಿಯಾದಲ್ಲಿ ಚಿತ್ರೀಕರಿಸಿದ್ದಾರೆ.

ಹಾಸ್ಯ ಹುಟ್ಟುವುದೇ ಕೊರತೆಯಿಂದ. ಒಂದೇ ಉದಾಹರಣೆ ನೋಡಿ. ಸೆ-ರಿ ಬೇಕುಗಳ ಪಟ್ಟಿಯಲ್ಲಿ ಪರಿಮಳದ ಮೇಣದಬತ್ತಿಯನ್ನೂ ಸೇರಿಸುತ್ತಾಳೆ. ಜಂಗ್-ಹ್ಯೋಕ್ ತಂದುಕೊಡುವುದು ಕರೆಂಟು ಹೋದಾಗ ಹಚ್ಚುವ ಸಾದಾ ಬತ್ತಿ. ನಾವೂ ನಕ್ಕು ಮರೆಯುತ್ತೇವೆ. ನಾಲ್ಕನೆಯ ಕಂತಿನ ಕೊನೆಗೆ ಅವಳು ಕತ್ತಲಾದ ಸಂತೆಯಲ್ಲಿ ದಾರಿ ತಪ್ಪುತ್ತಾಳೆ. ಜನರ ತಲೆಗಳ ಮೇಲೆ ಒಂದು ಕೈ ಉರಿಯುವ ಬತ್ತಿ ಎತ್ತಿ ಹಿಡಿದಿರುತ್ತದೆ. ಈ ಸಲ ಪರಿಮಳದ್ದೇ ತಾನೇ ಎಂದು ಅವನು ಕೇಳುತ್ತಾನೆ. ಪ್ರೀತಿ ಎಂಬ ಮಾತೇ ಬರುವುದಿಲ್ಲ. ನಗೆಗೆಂದು ಇಟ್ಟ ವಸ್ತುವೇ ಪ್ರೇಮದೃಶ್ಯವನ್ನು ಹೊರುತ್ತದೆ. ಪ್ರೇಮಹಾಸ್ಯ ಬರೆಯುವವರು ಮತ್ತೆ ಮತ್ತೆ ನೋಡಬೇಕಾದ ಕಂತು ಇದು.

ಇನ್ನು ಸುತ್ತಲಿನವರು. ಹಳ್ಳಿಯ ನಾಲ್ವರು ಹೆಂಗಸರು ಮೊದಲು ಸೆ-ರಿಯ ಮೇಲೆ ಕಣ್ಣಿಡುತ್ತಾರೆ, ಆಮೇಲೆ ಅವಳನ್ನು ಕಾಯುತ್ತಾರೆ. ನಾಯಕನ ಕೈಕೆಳಗಿನ ಸೈನಿಕರಲ್ಲಿ ಒಬ್ಬ ಕದ್ದು ದಕ್ಷಿಣದ ಧಾರಾವಾಹಿ ನೋಡುವವನು. ಗಡಿಯಾಚೆಯ ಪ್ರೇಮದ ರೀತಿನೀತಿಗೆ ಅವನೇ ವ್ಯಾಖ್ಯಾನಕಾರ. ಕದ್ದಾಲಿಸುವ ಕೆಲಸದ ಮಾನ್-ಬೋಕ್‌ನ ಅಳುಕನ್ನು ಕಿಮ್ ಯಂಗ್-ಮಿನ್ ಕಣ್ಣಲ್ಲೇ ತೋರಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯುತ್ತಮ ಅಭಿನಯ ಅದು.

ಕಥೆ ದಕ್ಷಿಣದ ರಾಜಧಾನಿ ಸೋಲ್ ನಗರಕ್ಕೆ ಬಂದ ಮೇಲೆ ಬುಡ ಅಲುಗಾಡುತ್ತದೆ. ಒಂಬತ್ತನೆಯ ಕಂತಿನ ಕೊನೆಗೆ ಸೆ-ರಿ ಗಡಿ ದಾಟುತ್ತಾಳೆ, ಮರುಕಂತಿನ ಕೊನೆಗೆ ನಾಯಕನೂ ಸೋಲ್‌ನಲ್ಲಿ ಪ್ರತ್ಯಕ್ಷ. ಇಲ್ಲಿ ಅವಳಿಗೆ ಎಲ್ಲವೂ ಕೈಗೆಟಕುತ್ತದೆ. ಕೊರತೆ ಹೋಯಿತು, ಜೊತೆಗೆ ನಗುವೂ ಹೋಯಿತು. ಸೈನಿಕರ ಪಡೆ ನಗರಕ್ಕೆ ಬಂದು ಕಣ್ಣರಳಿಸುವಾಗ ಸ್ವಲ್ಪ ಹೊತ್ತು ಜೀವ ಮರಳುತ್ತದೆ, ಆದರೆ ಅದೂ ಹಳ್ಳಿಯ ಹಾಸ್ಯವನ್ನೇ ತಿರುವಿ ಹಾಕಿದ್ದು. ಖಾಲಿಯಾದ ಜಾಗಕ್ಕೆ ಬರುವುದು ಗುಂಡು, ಆಸ್ಪತ್ರೆ, ಅಣ್ಣಂದಿರ ಆಸ್ತಿಜಗಳ. ಖಳನಾಯಕ ಚೋ ಚೊಲ್-ಗಾಂಗ್ ಹಳ್ಳಿಯಲ್ಲಿದ್ದಾಗ ಭಯ ಹುಟ್ಟಿಸುತ್ತಿದ್ದ, ಏಕೆಂದರೆ ಅವನ ಕೈಯಲ್ಲಿ ಅಧಿಕಾರವಿತ್ತು. ಸೋಲ್‌ನಲ್ಲಿ ಅವನು ಪಿಸ್ತೂಲು ಹಿಡಿದ ಮಾಮೂಲಿ ಕೇಡಿ. ಕಂತುಗಳು ಒಂದೂಕಾಲು ಗಂಟೆ, ಒಂದೂವರೆ ಗಂಟೆ ಎಳೆಯುವುದರಿಂದ ಈ ಭಾಗ ಇನ್ನಷ್ಟು ಭಾರ. ಮಧ್ಯೆ ಮಧ್ಯೆ ಕೋಳಿ ಕರಿಯುವ ಅಂಗಡಿಯ ಜಾಹೀರಾತು ಕಥೆಯ ಒಳಗೇ ನುಸುಳುತ್ತದೆ.

ಸೆ-ರಿಯ ಅಣ್ಣನನ್ನು ವಂಚಿಸಿ ಉತ್ತರಕ್ಕೆ ಓಡಿಬಂದ ಗು ಸಂಗ್-ಜುನ್ ಮತ್ತು ನಾಯಕನಿಗೆ ಗೊತ್ತುಮಾಡಿದ್ದ ವಧು ಸೊ ದಾನ್, ಇವರ ಎರಡನೆಯ ಜೋಡಿ ಕೆಲವೊಮ್ಮೆ ಮೊದಲನೆಯದಕ್ಕಿಂತ ಸೊಗಸು. ಸಂಗ್-ಜುನ್‌ನನ್ನು ಸಾಯಿಸಿದ್ದು ಕಥೆಗೆ ಬೇಕಾಗಿತ್ತೆಂದಲ್ಲ, ಕೊನೆಗೆ ಕಣ್ಣೀರು ಬೇಕಾಗಿತ್ತೆಂದು ಅನಿಸುತ್ತದೆ. ಕಾಕತಾಳೀಯವೂ ಜಾಸ್ತಿಯೇ. ಸ್ವಿಟ್ಜರ್ಲೆಂಡಿನ ಸರೋವರದ ದಂಡೆಯಲ್ಲಿ ಜಂಗ್-ಹ್ಯೋಕ್ ನುಡಿಸಿದ ಪಿಯಾನೋ ಸೆ-ರಿಗೆ ಮೊದಲೇ ಕೇಳಿಸಿತ್ತು ಎಂಬುದು ಚೆಂದ. ಅದೇ ಪ್ರವಾಸದಲ್ಲಿ ಸೇತುವೆಯ ಮೇಲೂ ಎದುರಾಗಿದ್ದರು ಎಂದಾಗ ಅತಿಯಾಯಿತು.

ಉತ್ತರವನ್ನು ತೀರಾ ಮುದ್ದಾಗಿ ತೋರಿಸಿದ್ದಾರೆಂಬ ಆಕ್ಷೇಪವೂ ಬಂತು. ದಕ್ಷಿಣದ ಒಂದು ಸಣ್ಣ ಪಕ್ಷ ಪೊಲೀಸ್ ದೂರನ್ನೇ ಕೊಟ್ಟಿತು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಬೀದಿಮಕ್ಕಳ ಹಸಿವು, ಚಿತ್ರಹಿಂಸೆಯ ಕೋಣೆ ಸರಣಿಯಲ್ಲಿವೆ. ಆದರೆ ನಾಯಕ ದೊಡ್ಡ ಅಧಿಕಾರಿಯ ಮಗ. ಅವನನ್ನು ಕಾಪಾಡುವ ಆ ಬಲ ನೆರೆಮನೆಯವನಿಗೆ ಇಲ್ಲ ಎಂಬುದನ್ನು ಕಥೆ ಗಟ್ಟಿಯಾಗಿ ಹೇಳುವುದಿಲ್ಲ.

ನೋಡಲು ಹೊರಟವರಿಗೆ ಎರಡು ಮಾತು. ಹೆಸರುಗಳು ತೆರೆಗೆ ಬಂದ ಕೂಡಲೇ ಮುಂದಿನ ಕಂತಿಗೆ ಹಾರಬೇಡಿ. ಕೊನೆಯ ಪುಟ್ಟ ದೃಶ್ಯಗಳಲ್ಲಿ ಹಳೆಯ ಗುಟ್ಟುಗಳು ಬಿಚ್ಚಿಕೊಳ್ಳುತ್ತವೆ. ಸಮಯ ಕಡಿಮೆಯಿದ್ದರೆ ಮೊದಲ ಹತ್ತು ಕಂತುಗಳನ್ನು ಪೂರ್ತಿ ನೋಡಿ, ನಡುವಿನ ಗುಂಡಿನ ಗಲಾಟೆಯನ್ನು ಓಡಿಸಿ, ಕೊನೆಯೆರಡನ್ನು ಮತ್ತೆ ನಿಧಾನವಾಗಿ ನೋಡಿ. ನಮಸ್ಕಾರ.