ಬಂಕ್‌ಹೌಸ್ ಫಿಫ್ತ್ ವೀಲ್ ಕೊಳ್ಳುವ ಮುಂಚೆ ಟ್ರಕ್ಕಿನ ಬಾಗಿಲು ತೆಗೆದು ನೋಡಿ

[ತೆರೆಯ ಮೇಲೆ: ಆರ್‌ವಿ ಡೀಲರ್ ಅಂಗಳದಲ್ಲಿ ಸಾಲಾಗಿ ನಿಂತ ಟ್ರೈಲರ್‌ಗಳು]

ನಮಸ್ಕಾರ. ಈ ವಿಡಿಯೋ ಅಮೆರಿಕದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕ್ಯಾಂಪಿಂಗ್ ಹೋಗುವ ನಮ್ಮ ಕನ್ನಡ ಕುಟುಂಬಗಳಿಗೆ. ಟೆಂಟ್ ಸಾಕಾಯಿತು, ಮಕ್ಕಳಿಗೆ ಅವರದೇ ಹಾಸಿಗೆ ಬೇಕು, ಬೇಸಿಗೆಯಲ್ಲಿ ಊರಿಂದ ಅಜ್ಜಿ ತಾತ ಬಂದರೆ ಅವರನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದರೆ, ನೀವು ಇವತ್ತಲ್ಲ ನಾಳೆ ಬಂಕ್‌ಹೌಸ್ ಫಿಫ್ತ್ ವೀಲ್, ಅಂದರೆ ಮಕ್ಕಳಿಗೆ ಮೇಲೆ ಕೆಳಗೆ ಹಾಸಿಗೆಯ ಕೋಣೆ ಇರುವ ಮನೆಯಂಥ ಟ್ರೈಲರ್ ಮುಂದೆ ಹೋಗಿ ನಿಲ್ಲುತ್ತೀರಿ.

ಗೊತ್ತಿಲ್ಲದವರಿಗೆ ಒಂದು ಮಾತು. ಸಾಮಾನ್ಯ ಟ್ರೈಲರನ್ನು ಬಂಪರ್ ಹತ್ತಿರದ ಹಿಚ್, ಅಂದರೆ ಕೊಂಡಿಗೆ ಸಿಕ್ಕಿಸಿ ಎಳೆಯುತ್ತಾರೆ. ಫಿಫ್ತ್ ವೀಲ್ ಹಾಗಲ್ಲ. ಅದರ ಮುಂಭಾಗ ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯ ಮೇಲೆ ಬಂದು ಕೂರುತ್ತದೆ. ಹಿಂದಿನ ಆಕ್ಸಲ್ ನೇರಕ್ಕೆ ಅಥವಾ ಸ್ವಲ್ಪ ಮುಂದಕ್ಕೆ ಒಂದು ಹಿಚ್ ಇರುತ್ತದೆ, ಟ್ರೈಲರಿನ ಮುಂಭಾಗದ ಕೆಳಗಿರುವ ಗಟ್ಟಿ ಪಿನ್, ಅಂದರೆ ಕಿಂಗ್‌ಪಿನ್, ಅದರಲ್ಲಿ ಲಾಕ್ ಆಗುತ್ತದೆ. ಅದಕ್ಕೇ ಗಾಳಿ ಬೀಸಿದಾಗ, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಇದು ಅಷ್ಟು ಓಲಾಡುವುದಿಲ್ಲ. ಮುಂದಿನ ಎತ್ತರದ ಭಾಗದಲ್ಲಿ ದೊಡ್ಡವರ ಕೋಣೆ, ಹಿಂದೆ ಅಥವಾ ನಡುವೆ ಮಕ್ಕಳ ಬಂಕ್ ಕೋಣೆ. ಕೀಸ್ಟೋನ್ ಕೂಗರ್, ಗ್ರ್ಯಾಂಡ್ ಡಿಸೈನ್ ರಿಫ್ಲೆಕ್ಷನ್, ಜೇಕೋ ಈಗಲ್, ಇವೆಲ್ಲದರಲ್ಲೂ ಬಂಕ್‌ಹೌಸ್ ಮಾಡೆಲ್‌ಗಳು ಬಂದಿವೆ. ಯಾವುದು ಒಳ್ಳೆಯದು ಅಂತ ಕೇಳುವ ಮುಂಚೆ ಇನ್ನೊಂದು ಕೆಲಸ ಇದೆ.

[ತೆರೆಯ ಮೇಲೆ: ಟ್ರಕ್ಕಿನ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿರುವ ಸ್ಟಿಕ್ಕರ್, ಹತ್ತಿರದಿಂದ]

ಟ್ರೈಲರಿನ ಒಳಗೆ ಹೋಗಬೇಡಿ. ಮೊದಲು ನಿಮ್ಮ ಟ್ರಕ್ಕಿನ ಬಾಗಿಲು ತೆಗೆಯಿರಿ. ಡ್ರೈವರ್ ಕಡೆ ಚೌಕಟ್ಟಿನಲ್ಲಿ ಹಳದಿ ಮತ್ತು ಬಿಳಿ ಬಣ್ಣದ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತಾರೆ. ಅದೇ ಪೇಲೋಡ್. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಎಳೆಯುವ ಶಕ್ತಿಯನ್ನು. ಆದರೆ ಫಿಫ್ತ್ ವೀಲ್ ವಿಷಯದಲ್ಲಿ ಎಳೆಯುವ ಮಿತಿಗಿಂತ ಮೊದಲು ಹೊರುವ ಮಿತಿಯೇ ಮುಗಿದುಹೋಗುತ್ತದೆ. ಯಾಕೆಂದರೆ ಟ್ರೈಲರಿನ ಒಟ್ಟು ತೂಕದಲ್ಲಿ ಶೇಕಡಾ 15ರಿಂದ 25 ಭಾಗ ನೇರವಾಗಿ ಟ್ರಕ್ಕಿನ ಮೇಲೆ ಬೀಳುತ್ತದೆ. ಇದಕ್ಕೆ ಪಿನ್ ವೇಟ್ ಅನ್ನುತ್ತಾರೆ.

ಒಂದು ಲೆಕ್ಕ ಹಾಕೋಣ. ತುಂಬಿದ ಟ್ರೈಲರಿನ ಗರಿಷ್ಠ ತೂಕ, ಅಂದರೆ ಜಿವಿಡಬ್ಲ್ಯುಆರ್, 12,000 ಪೌಂಡ್ ಅಂದುಕೊಳ್ಳಿ. ಶೇಕಡಾ 20 ಅಂದರೂ ಪಿನ್ ವೇಟ್ 2,400. ಹಿಚ್ 150. ಅಪ್ಪ, ಅಮ್ಮ, ಇಬ್ಬರು ಮಕ್ಕಳು, 500 ಇಡಿ. ಟೂಲ್ಸ್, ಐಸ್ ಬಾಕ್ಸ್, ಸೈಕಲ್ ಅಂತ ಇನ್ನೂ 100. ಒಟ್ಟು 3,150 ಆಯಿತು. ಎಫ್-150, ರ್‍ಯಾಮ್ 1500 ತರಹದ ಹಾಫ್-ಟನ್ (ಇದು ಟ್ರಕ್ಕಿನ ವರ್ಗದ ಹೆಸರು ಅಷ್ಟೇ, ಹೊರುವ ತೂಕವಲ್ಲ) ಟ್ರಕ್ಕುಗಳಲ್ಲಿ ಪೇಲೋಡ್ ಸಾಮಾನ್ಯವಾಗಿ 1,500ರಿಂದ 2,000 ಪೌಂಡ್ ಸುತ್ತ ಇರುತ್ತದೆ. ಅಲ್ಲಿಗೆ ಮುಗಿಯಿತು, ಅಲ್ವಾ?

ಹಾಗಾದರೆ ಮುಕ್ಕಾಲು ಟನ್ ಡೀಸೆಲ್ ಟ್ರಕ್, ಎಫ್-250 ತರಹದ್ದು, ತಗೊಂಡರೆ ಸಾಕಲ್ಲ ಅಂತ ಹಲವರು ಕೇಳುತ್ತಾರೆ. ಇಲ್ಲೇ ತುಂಬಾ ಜನ ಎಡವುತ್ತಾರೆ. ಈ ಟ್ರಕ್ಕುಗಳನ್ನು ಹೆಚ್ಚಾಗಿ 10,000 ಪೌಂಡ್ ಒಟ್ಟು ತೂಕದ (ಟ್ರಕ್ ಮತ್ತು ಅದು ಹೊರುವ ಭಾರ ಸೇರಿ) ಮಿತಿಗೆ ನಿಗದಿ ಮಾಡಿರುತ್ತಾರೆ. ಡೀಸೆಲ್ ಎಂಜಿನ್ನೇ ಭಾರ. ಮೇಲೆ ಸನ್‌ರೂಫ್, ಲೆದರ್ ಸೀಟು ಅಂತ ಸೇರಿಸುತ್ತಾ ಹೋದರೆ ಹೊರುವುದಕ್ಕೆ ಉಳಿಯುವುದು ಅಷ್ಟಕ್ಕಷ್ಟೇ. ದೊಡ್ಡ ಬಂಕ್‌ಹೌಸ್ ಬೇಕೇ ಬೇಕು ಅಂದರೆ ಒಂದು ಟನ್ ಟ್ರಕ್ ನೋಡಿ, ಅಥವಾ ಟ್ರೈಲರನ್ನು ಚಿಕ್ಕದು ಮಾಡಿ. ನಡುವಿನ ದಾರಿ ಇದೆ ಅಂತ ಯಾರಾದರೂ ಹೇಳಿದರೆ, ಆ ಸ್ಟಿಕ್ಕರ್ ತೋರಿಸಿ ಲೆಕ್ಕ ಮಾಡಿಸಿ. ಹಿಂದಿನ ಸೀಟಿನಲ್ಲಿ ಕೂತಿರುವುದು ನಿಮ್ಮ ಮಕ್ಕಳು.

ಬ್ರೋಷರಿನಲ್ಲಿರುವ ಡ್ರೈ ವೇಟ್ ನಂಬಿ ಲೆಕ್ಕ ಹಾಕಬೇಡಿ. ಅದರಲ್ಲಿ ನೀರಿಲ್ಲ, ಬಟ್ಟೆಯಿಲ್ಲ, ಅಕ್ಕಿ ಬೇಳೆಯಿಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡ್. 60 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅಲ್ಲೇ 500 ಪೌಂಡ್ ಆಗುತ್ತದೆ. ತೊಟ್ಟಿ ಚಿಕ್ಕದಿರುವ ಟ್ರಕ್ ಆದರೆ ಇನ್ನೊಂದು ತೊಂದರೆ, ತಿರುವಿನಲ್ಲಿ ಟ್ರೈಲರಿನ ಮೂಲೆ ಕ್ಯಾಬಿನ್ ಗಾಜಿಗೆ ಬಡಿಯಬಹುದು. ಅದಕ್ಕೆ ಹಿಂದಕ್ಕೆ ಜಾರುವ ಸ್ಲೈಡರ್ ಹಿಚ್ ಸಿಗುತ್ತದೆ, ಕೇಳಿ ಹಾಕಿಸಿಕೊಳ್ಳಿ.

[ತೆರೆಯ ಮೇಲೆ: ಬಂಕ್ ಕೋಣೆ, ಮೇಲೆ ಕೆಳಗೆ ಹಾಸಿಗೆ]

ಈಗ ಒಳಗೆ ಬನ್ನಿ. "10 ಜನ ಮಲಗಬಹುದು" ಅಂತ ಬರೆದಿರುತ್ತದೆ. ಆ ಸಂಖ್ಯೆ ಬಿಟ್ಟುಬಿಡಿ. ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಅಂತ ಹೆಸರು ಹಿಡಿದು ಹೇಳಿಕೊಳ್ಳಿ. ಊಟದ ಮೇಜನ್ನು ಮಡಚಿ ಹಾಸಿಗೆ ಮಾಡುವುದನ್ನು ನಾನು ಲೆಕ್ಕಕ್ಕೇ ಸೇರಿಸುವುದಿಲ್ಲ, ಬೆಳಿಗ್ಗೆ ಅಲ್ಲಿ ಮಲಗಿದವರು ಏಳುವ ತನಕ ಉಳಿದವರಿಗೆ ಕೂತು ಕಾಫಿ ಕುಡಿಯುವುದಕ್ಕೂ ಜಾಗ ಇರುವುದಿಲ್ಲ.

ಬಂಕಿನ ಮೇಲೆ ಮಕ್ಕಳನ್ನು ಅಂಗಡಿಯಲ್ಲೇ ಮಲಗಿಸಿ ನೋಡಿ. ಎದ್ದು ಕೂತರೆ ತಲೆ ಬಡಿಯುತ್ತದಾ? ಪಕ್ಕದಲ್ಲಿ ತಡೆ ಎಷ್ಟು ಎತ್ತರ ಇದೆ? ಒಂದೊಂದು ಬಂಕ್ ಎಷ್ಟು ತೂಕ ತಡೆಯುತ್ತದೆ ಅಂತಲೂ ಕೇಳಿ. ಆರು ವರ್ಷ ತುಂಬದ ಮಕ್ಕಳನ್ನು ಮೇಲಿನ ಬಂಕಿನಲ್ಲಿ ಮಲಗಿಸಬೇಡಿ ಅಂತ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವೇ ಹೇಳುತ್ತದೆ. ಮಗುವಿಗೆ ಈಗ ಹತ್ತು ವರ್ಷ ಆಗಿದ್ದರೆ ಐದು ವರ್ಷದ ಮೇಲೆ ಅದರ ಕಾಲು ಎಲ್ಲಿಗೆ ಬರುತ್ತದೆ ಅಂತಲೂ ಟೇಪ್ ಹಿಡಿದು ಅಳೆಯಿರಿ. ಕೆಲವು ಮಾಡೆಲ್‌ಗಳಲ್ಲಿ ಬಂಕ್ ಕೋಣೆಯ ಮೇಲೆ ಲಾಫ್ಟ್ ಕೊಡುತ್ತಾರೆ. ಮಕ್ಕಳಿಗೆ ಅದನ್ನು ನೋಡಿದರೇ ಖುಷಿ. ಆದರೆ ಅಲ್ಲಿಂದ ಹೊರಬರಲು ಎಮರ್ಜೆನ್ಸಿ ಕಿಟಕಿ ಇದೆಯಾ, ಅದರ ಹಿಡಿಯನ್ನು ಮಗು ತಾನೇ ತಿರುಗಿಸಿ ತೆಗೆಯಬಲ್ಲದಾ ಅಂತ ನೋಡದೆ ಖಂಡಿತ ಒಪ್ಪಬೇಡಿ. ಬೆಂಕಿ ಹತ್ತಿದರೆ ಟ್ರೈಲರ್ ಬೇಗ ಉರಿಯುತ್ತದೆ, ಇದು ಹೆದರಿಸುವ ಮಾತಲ್ಲ.

ಬಂಕ್ ಕೋಣೆಗೆ ಪರದೆಯ ಬದಲು ಗಟ್ಟಿ ಬಾಗಿಲು ಇರುವುದನ್ನೇ ಆರಿಸಿ. ಮಕ್ಕಳು ಒಂಬತ್ತಕ್ಕೆ ಮಲಗಿದ ಮೇಲೂ ನೀವು ಮಾತಾಡಿಕೊಂಡು ಕೂರಬಹುದು. ಬಂಕ್ ಕಡೆ ಇನ್ನೊಂದು ಪುಟ್ಟ ಟಾಯ್ಲೆಟ್ ಇದ್ದರೆ ಇನ್ನೂ ಒಳ್ಳೆಯದು. ಖಾಲಿ ಮಾಡಬೇಕಾದ ಟ್ಯಾಂಕ್ ಒಂದು ಜಾಸ್ತಿ ಆಗುತ್ತದೆ ನಿಜ, ಆರು ಜನ ಇರುವಾಗ ನನಗೆ ಅದೇನೂ ದೊಡ್ಡದಲ್ಲ.

ಅಜ್ಜಿ ತಾತ ಬರುತ್ತಾರೆ ಅಂದರೆ ಮೆಟ್ಟಿಲು ಎಣಿಸಿ. ಹೊರಗಿನಿಂದ ಒಳಗೆ ಬರಲು ಮೂರ್ನಾಲ್ಕು, ಒಳಗಿನಿಂದ ಮುಂದಿನ ಕೋಣೆಗೆ ಮತ್ತೆ ಎರಡು ಮೂರು. ಬಾತ್‌ರೂಮ್ ಎಷ್ಟೋ ಸಲ ಮೇಲಿನ ಹಂತದಲ್ಲೇ ಇರುತ್ತದೆ. ಮಂಡಿ ನೋವಿರುವವರು ರಾತ್ರಿ ಎರಡು ಸಲ ಅಲ್ಲಿಗೆ ಹತ್ತಿ ಇಳಿಯಬೇಕು. ನಡುವೆ ಬಂಕ್ ಕೋಣೆ ಇರುವ ಕೆಲವು ಮಾಡೆಲ್‌ಗಳಲ್ಲಿ ಕೆಳಗೆ ಸೋಫಾ, ಮೇಲೆ ಬಂಕ್ ಇರುತ್ತದೆ. ಆ ಸೋಫಾ ಬಿಚ್ಚಿದರೆ ಅಜ್ಜಿಗೆ ಕೆಳಗೇ ಹಾಸಿಗೆ. ಮೊಮ್ಮಕ್ಕಳು ಮೇಲೆ, ಕಥೆ ಕೇಳಿಕೊಂಡು ಮಲಗುತ್ತಾರೆ. ಇಂಥ ಕುಟುಂಬಕ್ಕೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಪರೀಕ್ಷೆ: ಸ್ಲೈಡುಗಳನ್ನೆಲ್ಲ, ಅಂದರೆ ನಿಲ್ಲಿಸಿದಾಗ ಜಾಗ ಹೆಚ್ಚಿಸಲು ಹೊರಕ್ಕೆ ಚಾಚುವ ಭಾಗಗಳನ್ನು, ಒಳಗೆ ಎಳೆಸಿ, ಆಮೇಲೆ ಓಡಾಡಿ. ದಾರಿಯಲ್ಲಿ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದಾಗ ಟಾಯ್ಲೆಟ್ ಬಾಗಿಲು ತೆರೆಯುತ್ತದಾ? ಫ್ರಿಜ್‌ನಿಂದ ಮೊಸರನ್ನದ ಡಬ್ಬಿ ತೆಗೆಯಲು ಆಗುತ್ತದಾ?

[ತೆರೆಯ ಮೇಲೆ: ಅಡುಗೆ ಜಾಗ, ಒಲೆಯ ಮೇಲಿನ ಫ್ಯಾನ್]

ನಮ್ಮ ಅಡುಗೆಗೆ ಒಲೆಯ ಮೇಲಿನ ಫ್ಯಾನ್ ಮುಖ್ಯ. ಅದು ಹೊಗೆಯನ್ನು ಹೊರಗೆ ಕಳಿಸುತ್ತದಾ, ಅಥವಾ ಸೋಸಿ ಒಳಗೇ ಬಿಡುತ್ತದಾ ಕೇಳಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಕೂಗುತ್ತದೆ, ಬ್ಯಾಟರಿ ಕಿತ್ತಿಡುವ ಅಭ್ಯಾಸ ಮಾಡಿಕೊಳ್ಳಬೇಡಿ. ಹೊರಗೆ ಅಡುಗೆ ಜಾಗ ಇದ್ದರೆ ಒಗ್ಗರಣೆಯನ್ನು ಅಲ್ಲಿಗೇ ಸಾಗಿಸಿ. ಕರೆಂಟ್ ವಿಷಯ ಚಿಕ್ಕದು. ಟ್ರೈಲರಿನ ಕರೆಂಟ್ ಸಂಪರ್ಕ 30 ಆಂಪ್ ಅಂದರೆ 3,600 ವಾಟ್, ಎಸಿ ಓಡುವಾಗ ಮಿಕ್ಸಿ, ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳಬಹುದು. 50 ಆಂಪ್ ಸರ್ವಿಸ್ 12,000 ವಾಟ್ ಕೊಡುತ್ತದೆ. ಟೆಕ್ಸಸ್ ಬೇಸಿಗೆಯಲ್ಲಿ ಎರಡು ಎಸಿ ಬೇಕಾಗುತ್ತದೆ, ಅಲ್ಲಿರುವವರು 50 ಆಂಪ್‌ನದನ್ನೇ ನೋಡಿ.

ಉದ್ದದ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ಬಂಕ್‌ಹೌಸ್‌ಗಳು 35, 40 ಅಡಿಗೆ ಸುಲಭವಾಗಿ ಹೋಗುತ್ತವೆ. ಯೊಸೆಮಿಟಿಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೈಲರಿಗೆ ಮಿತಿ 24 ಅಡಿ. ಗ್ಲೇಸಿಯರ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿ ಮೀರಿದ ವಾಹನವನ್ನೇ ಬಿಡುವುದಿಲ್ಲ. ಯೆಲ್ಲೋಸ್ಟೋನ್‌ನಲ್ಲಿ ಮಾತ್ರ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ನಮಗೆ ಅನುಕೂಲ. ಅಲ್ಲಿ ಕರಡಿ ಕಾಟ, ಟೆಂಟಿಗೆ ಅವಕಾಶ ಇಲ್ಲ, ಗಟ್ಟಿ ಗೋಡೆಯ ಟ್ರೈಲರೇ ಬೇಕು, ನೀರು, ಕರೆಂಟ್, ಒಳಚರಂಡಿ ಮೂರೂ ಸಿಗುತ್ತವೆ. ನೀವು ಹೋಗಬೇಕು ಅಂದುಕೊಂಡಿರುವ ಐದಾರು ಜಾಗಗಳ ಮಿತಿ ಮೊದಲು ನೋಡಿ, ಆಮೇಲೆ ಉದ್ದ ನಿರ್ಧರಿಸಿ. ಎತ್ತರವೂ ಅಷ್ಟೇ. ಎಸಿ ಸೇರಿ 13 ಅಡಿ ಹತ್ತಿರ ಬರುತ್ತದೆ. ಅಳೆದು ಬರೆದು ಸ್ಟೇರಿಂಗ್ ಎದುರಿಗೆ ಅಂಟಿಸಿಕೊಳ್ಳಿ. ನ್ಯೂಯಾರ್ಕ್ ಕಡೆಯ ಪಾರ್ಕ್‌ವೇಗಳಲ್ಲಿ ಸೇತುವೆ ತಗ್ಗು, ಟ್ರೈಲರಿಗೆ ಪ್ರವೇಶವೇ ಇಲ್ಲ, ಫೋನಿನ ಮ್ಯಾಪ್ ಅದನ್ನು ಲೆಕ್ಕಿಸದೆ ಅಲ್ಲಿಗೇ ಕಳಿಸಬಹುದು.

ಲೈಸೆನ್ಸ್ ಕೂಡ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ಮೀರಿದ ಫಿಫ್ತ್ ವೀಲ್‌ಗೆ ಸಾಮಾನ್ಯ ಲೈಸೆನ್ಸ್ ಮೇಲೆ ಬೇರೆ ಅನುಮತಿ ಪಡೆಯಬೇಕು, 15,000 ಮೀರಿದರೆ ಲೈಸೆನ್ಸ್ ವರ್ಗವೇ ಬದಲಾಗುತ್ತದೆ. ಪ್ರತಿ ರಾಜ್ಯದ ನಿಯಮ ಬೇರೆ.

ಹಳೆಯದು ಕೊಳ್ಳುವವರು ಏಣಿ ಹತ್ತಿ ಚಾವಣಿ ನೋಡಿ. ಅಂಚಿನ ಸೀಲಂಟ್ ಬಿರುಕು ಬಿಟ್ಟಿದ್ದರೆ, ಸ್ಲೈಡಿನ ಮೂಲೆಯಲ್ಲಿ ನೆಲ ಮೆತ್ತಗಿದ್ದರೆ, ಒಳಗೆ ನೀರು ಇಳಿದಿದೆ ಅಂತಲೇ ಅರ್ಥ. ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟು ಬನ್ನಿ. ಟೈರಿನ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೇಲೆ ಹೊಸದರಂತೆ ಕಂಡರೂ ಅಷ್ಟು ಹಳೆಯ ಟೈರಿನಲ್ಲಿ ಹೊರಡಬೇಡಿ, ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಸಿ.

ಇಷ್ಟು ನೋಡಿಯೂ ಮನಸ್ಸು ಅಲ್ಲಾಡುತ್ತಿದ್ದರೆ ಒಂದನ್ನು ಬಾಡಿಗೆಗೆ ತಗೊಳ್ಳಿ. ಔಟ್‌ಡೋರ್ಸಿ, ಆರ್‌ವಿಶೇರ್ ಎಂಬ ಬಾಡಿಗೆ ತಾಣಗಳಲ್ಲಿ ಕೆಲವು ಮಾಲೀಕರು ಟ್ರೈಲರನ್ನು ತಾವೇ ಕ್ಯಾಂಪ್‌ಗ್ರೌಂಡಿಗೆ ತಂದು ನಿಲ್ಲಿಸಿ ಕೊಡುತ್ತಾರೆ, ಟ್ರಕ್ ಇಲ್ಲದಿದ್ದರೂ ನಡೆಯುತ್ತದೆ. ಒಂದು ವಾರಾಂತ್ಯ ಎಲ್ಲರೂ ಅದರಲ್ಲಿ ಮಲಗಿ ಎದ್ದು ಬನ್ನಿ. ಟ್ರಕ್ ಈಗಾಗಲೇ ಇರುವವರು ಸ್ಟಿಕ್ಕರಿನ ಸಂಖ್ಯೆ, ಕಣ್ಣಿಟ್ಟಿರುವ ಟ್ರೈಲರಿನ ಜಿವಿಡಬ್ಲ್ಯುಆರ್, ಮನೆಯಲ್ಲಿ ಎಷ್ಟು ಜನ, ಈ ಮೂರನ್ನು ಕೆಳಗೆ ಬರೆಯಿರಿ. ಲೆಕ್ಕ ಹಾಕಿ ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ.